ಮಗ್ಗುಲು

ನೋಡಿರಬಹುದು. ನೋಡದೆಯೂ ಇರಬಹುದು. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೊರದ ತುಂಬ ಅಕ್ಕಿ ಹರವಿಕೊಂಡು ಇಲ್ಲದ ಹರಳು ಹುಡುಕುತ್ತಿದ್ದ ಸುಶೀಲವ್ವನ ತಲೆಯಲ್ಲಿ ಬೆಳಗಿನಿಂದ ಇದೊಂದೇ ತಿರುಗುತ್ತಿತ್ತು. ಅಕ್ಕಿಆಲೂರಿನಲ್ಲಿ ಗಿರಣಿ ಇಟ್ಟವರ ಮನೆಯಲ್ಲಿ ಅಕ್ಕಿ ಆರಿಸುವುದಾದರೂ ಏನಿರುತ್ತದೆ. ಮಗ ಲೋಹಿತ ಹೊಸ ಮಿಷನ್ ಕೂಡಿಸಿದ ಮೇಲೆ ಹರಳಿರಲಿ, ಬಣ್ಣಗೆಟ್ಟ ಒಂದು ಕಾಳು ಕೂಡ ಚೀಲಕ್ಕೆ ಬೀಳುತ್ತಿರಲಿಲ್ಲ. ಆದರೂ ಕೈಗೊಂದು ಕೆಲಸ ಬೇಕಿತ್ತು. ಮೇಲಿನ ಕೋಣೆಯಲ್ಲಿ ಬಡಿಗ ಮುಸ್ತಾಕ ಗೋಡೆ ಕೊರೆಯುತ್ತಿದ್ದ. ಆ ಸದ್ದು ಎದ್ದಾಗಲೊಮ್ಮೆ ಮೊಮ್ಮಗ ಪ್ರಣೀತ ಆಡುವುದನ್ನು ಬಿಟ್ಟು ದಡಬಡ ಬಂದು ಅವಳ ಸೆರಗಿನೊಳಗೆ ಮುಖ ಹುದುಗಿಸುವನು, ಸದ್ದು ನಿಂತರೆ ತಾನೇ ಅದನ್ನು ಹೆದರಿಸಿ ಓಡಿಸಿದವನ ಹಾಗೆ ನಕ್ಕು ಹೋಗುವನು. ವರ್ಷ ತುಂಬಿ ಕೆಲವು ತಿಂಗಳಾದ ಕೂಸು. ಈಗಷ್ಟೇ ನಡೆಯಲು ಕಲಿತದ್ದರಿಂದ ನಡೆಯುವುದೆಲ್ಲ ಓಟವೇ. ಅವನು ಸೆರಗಿನೊಳಗೆ ಮುಖ ಇಟ್ಟಾಗಲೊಮ್ಮೆ ಸುಶೀಲವ್ವ ತಲೆಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಸೊಸೆ ಐಶ್ವರ್ಯ ಬೆಳಗಿನ ಬಸ್ಸಿಗೇ ಹಾನಗಲ್ಲಿಗೆ, ತನ್ನ ಬ್ಯಾಂಕಿನ ಕೆಲಸಕ್ಕೆ ಹೋಗಿಯಾಗಿತ್ತು.

ಅವತ್ತೂ ಹೀಗೆಯೇ ಹೋಗಿದ್ದಳು. ದೀಪಾವಳಿ ಕಳೆದು, ಮಧ್ಯಾಹ್ನದ ಬಿಸಿಲಿಗೂ ಒಂದಿಷ್ಟು ಚಳಿ ಹತ್ತಿದ ದಿನಗಳು. ಕೂಸಿಗೆ ಆಗ ಹಲ್ಲು ಬರುತ್ತಿದ್ದವು. ಬಾಟಲಿಯನ್ನು ಒದೆಯುತ್ತಿತ್ತು, ಎತ್ತಿಕೊಂಡರೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತಿತ್ತು, ಅತ್ತು ಅತ್ತು ದನಿ ಬಿದ್ದುಹೋಗುತ್ತಿತ್ತು. ಅದಕ್ಕೂ ಮೊದಲು ಒಂದು ಮಧ್ಯಾಹ್ನ ಅದರ ಬಾಯಿ ತಾನಾಗಿಯೇ ಅವಳ ಕುಪ್ಪಸದ ಮೇಲೆ ಹುಡುಕಾಡಿತ್ತು. "ಏ ಹುಚ್ಚಪ್ಪಾ, ಅಲ್ಲೇನೈತೋ, ಬರೇ ತೊಗಲು," ಎಂದು ಸುಶೀಲವ್ವ ನಕ್ಕಿದ್ದಳು. ನಕ್ಕವಳೇ ಕೊಟ್ಟಿದ್ದಳು. ಮೂವತ್ತು ವರ್ಷದಿಂದ ಬತ್ತಿದ್ದ ಎದೆಯನ್ನು ಬಾಯಿಗೆ ತೆಗೆದುಕೊಂಡ ಕೂಸು, ಹಾಲಿಲ್ಲ ಎಂದು ಗೊತ್ತಾದ ಮೇಲೂ ಬಿಡಲಿಲ್ಲ. ಅದರ ಮುಷ್ಟಿ ಮೆಲ್ಲಗೆ ಬಿಚ್ಚಿತು, ರೆಪ್ಪೆ ಇಳಿದವು. ಅವತ್ತಿನಿಂದ ಅದು ದಿನದ ಮಾತಾಯಿತು. ಗಂಡ ಕರಬಸಪ್ಪ ಊಟ ಮುಗಿಸಿ ಗಿರಣಿಗೆ ಹೋದ ಮೇಲೆ, ಪಡಸಾಲೆಯ ಮೂಲೆಯಲ್ಲಿ, ಸೆರಗಿನ ಮರೆಯಲ್ಲಿ. ಊರಲ್ಲಿ ಮುದುಕಿಯರು ಅಳುವ ಮೊಮ್ಮಕ್ಕಳಿಗೆ ಹೀಗೆ ಮಾಡುವುದು ಹೊಸತೇನಲ್ಲ, ಯಾರೂ ಅದನ್ನು ಕಳ್ಳತನ ಅನ್ನುವುದಿಲ್ಲ. ಹಾಗಾದರೆ ತಾನೇಕೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ? ದೀಪಾವಳಿ ಕಳೆದ ಆ ದಿನ ಕೂಸಿನ ಸಂಗಡ ತನಗೂ ಜೊಂಪು ಹತ್ತಿತ್ತು. ಎಚ್ಚರಾದಾಗ ಕುತ್ತಿಗೆಯವರೆಗೆ ಕೌದಿ ಹೊದ್ದಿದ್ದಳು, ಕೌದಿಯೊಳಗೆ ಎದೆ ತೆರೆದೇ ಇತ್ತು, ಕೂಸಿನ ತುಟಿ ಇನ್ನೂ ಅಲ್ಲಿಯೇ ಇದ್ದವು. ಅಡುಗೆಮನೆಯಲ್ಲಿ ತಂಬಿಗೆಯ ಸದ್ದಾಯಿತು. ಐಶ್ವರ್ಯ ನಿಂತುಕೊಂಡೇ ನೀರು ಕುಡಿಯುತ್ತಿದ್ದಳು. "ತಲಿ ಸಿಡ್ಯಾಕತ್ತಿತ್ರಿ ಅತ್ತಿ, ಅರ್ಧ ದಿನ ರಜಾ ಹಾಕಿ ಬಂದೆ," ಅಂದಳು, ಕಿಟಕಿಯ ಕಡೆ ನೋಡುತ್ತ. ಗಾಳಿ ಬಡಿದರೆ ನಿದ್ದೆಗಣ್ಣಲ್ಲೇ ಕೌದಿ ಎಳೆದುಕೊಳ್ಳುವ ರೂಢಿ ಸುಶೀಲವ್ವನಿಗೆ ಉಂಟು. ಎಳೆದುಕೊಂಡಿದ್ದರೂ ಎಳೆದುಕೊಂಡಿರಬಹುದು. ಆದರೆ ಕೌದಿಯ ಅಂಚನ್ನು ಕೂಸಿನ ಮೂಗಿಗೆ ಹತ್ತದ ಹಾಗೆ ಒಂದು ಮಡಿಕೆ ಮಡಿಸಿದ್ದರು. ನಿದ್ದೆಯಲ್ಲಿದ್ದವರು ಮಡಿಕೆ ಹಾಕುತ್ತಾರೆಯೇ?

ಅವತ್ತೇ ನಿಲ್ಲಿಸಿಬಿಟ್ಟಳು. ಕೂಸು ಎರಡು ದಿನ ಹುಡುಕಿತು, ಅತ್ತಿತು, ಕುಪ್ಪಸ ಜಗ್ಗಿತು. ಅವಳು ಬೆನ್ನು ತಿರುಗಿಸಿ ಕೂತಳು. ಕೂಸು ಮರೆತ ಹಾಗೆ ಕಂಡಿತು. ಅದಾಗಿ ಕೆಲವು ದಿನಕ್ಕೆ, ಎಲ್ಲರೂ ಊಟಕ್ಕೆ ಕೂತಾಗ, ಲೋಹಿತ ರೊಟ್ಟಿ ಮುರಿಯುತ್ತ, "ಪ್ರಣೀತಗ ಮ್ಯಾಲಿನ ರೂಮ್ ಮಾಡಿಬಿಡೂಣು ಅಂತ ಮಾಡೇವಿ. ಒಬ್ಬನ ಮಲಗಾಕ ಕಲೀಲಿ," ಅಂದಿದ್ದ.

ಕರಬಸಪ್ಪ ತುತ್ತು ಕೈಯಲ್ಲೇ ಹಿಡಿದು ಮಗನ ಮುಖ ನೋಡಿದ. "ಯಾಕ, ಅಂವ ಏನ ಎಸ್ಸೆಸ್ಸೆಲ್ಸಿ ಪರೀಕ್ಷಾಕ್ಕ ಓದಾಂವನೇನ, ಬ್ಯಾರೆ ರೂಮ್ ಬೇಕಂದ್ರ?"

"ಹಂಗಲ್ಲಪಾ. ಈಗಿನ ಡಾಕ್ಟರ ಎಲ್ಲಾರೂ ಹೇಳ್ತಾರ. ಕೆಲವ್ರು ಆರ ತಿಂಗಳಿಗೆ ಅಂತಾರ, ಕೆಲವ್ರು ವರ್ಷಕ್ಕ ಅಂತಾರ. ಎರಡ ವರ್ಷ ಅನ್ನಾವ್ರೂ ಅದಾರ."

"ಹಂಗಾರ ಎಲ್ಲಾರ ಮಾತೂ ನಡಸ್ರಿ. ಅರ್ಧಾ ಕೂಸಿನ್ನ ಮ್ಯಾಲ ಮಲಗಸ್ರಿ, ಅರ್ಧಾ ಕೆಳಗ ಇರಲಿ," ಎಂದು ಕರಬಸಪ್ಪ ತನ್ನ ಮಾತಿಗೆ ತಾನೇ ನಕ್ಕ. ಲೋಹಿತನೂ ನಕ್ಕ. ಐಶ್ವರ್ಯ ನಗಲಿಲ್ಲ. ಅತ್ತೆಯ ತಾಟಿಗೆ ಪಲ್ಯ ಬಡಿಸುತ್ತ, ತಾಟನ್ನೇ ನೋಡುತ್ತ, "ಅತ್ತಿ ಹೇಳ್ಲಿ. ಅವರ ಹತ್ರನ ಮಲಗ್ತಾನಲ್ಲ. ಯಾವತ್ತಿಂದ ಅಂತ ಅವರ ಹೇಳ್ಲಿ," ಅಂದಳು.

ಬೇರೆ ಯಾವ ದಿನವೇ ಆಗಿದ್ದರೆ ಸುಶೀಲವ್ವ ಹುಚ್ಚೆದ್ದು ಜಗಳಾಡುತ್ತಿದ್ದಳು. ಕೂಸಿನ್ನ ಒಂದನ್ನೇ ಮಲಗಿಸುವುದೆಂದರೇನು, ಬೆಕ್ಕು ಬಂದರೆ, ಕನಸಿನಲ್ಲಿ ಬೆಚ್ಚಿದರೆ, ಎಂದೆಲ್ಲ. ತವರಿನಿಂದ ತೊಟ್ಟಿಲ ಸಮೇತ ಕೂಸು ಮನೆಗೆ ಬಂದ ದಿನ, "ನನ್ನ ಮಗ್ಗಲದಾಗ ಹಾಕು. ನೀ ನಸಿಕಿಲೆ ಎದ್ದು ಬಸ್ಸಿಗೆ ಓಡಾಕಿ, ಒಂದೀಟ ಕಣ್ಣ ಮುಚ್ಚು," ಎಂದು ತಾನೇ ತೆಗೆದುಕೊಂಡಿದ್ದಳಲ್ಲ. ಐಶ್ವರ್ಯ ಆಗ ಅವಳ ಕೈ ಹಿಡಿದುಕೊಂಡು "ನೀವಿದ್ದೀರಿ ಅಂತ ನಾ ನೌಕರಿ ಮಾಡಾಕತ್ತೇನ್ರಿ," ಅಂದಿದ್ದಳು, ಕಣ್ಣು ತುಂಬಿ. ಆ ಹಕ್ಕಿನ ಮಾತನ್ನೆಲ್ಲ ಒಂದು ಕೌದಿ ಮುಚ್ಚಿ ಹಾಕಿತ್ತು. ಬಾಯಿ ತೆರೆದರೆ ಸೊಸೆ ಏನೆಂದುಬಿಡುತ್ತಾಳೋ. ಗಂಡನ ಎದುರಿಗೆ, ಮಗನ ಎದುರಿಗೆ, ರೊಟ್ಟಿ ಪಲ್ಯದ ನಡುವೆ. "ಜಾವಳ ಆಗಲಿ," ಅಂದಳು. ಜಾವಳವಾಯಿತು, ಬೋಳು ತಲೆಯ ಕೂಸನ್ನು ಎಲ್ಲರೂ ಎತ್ತಿ ಮುದ್ದಾಡಿದರು. ಆಮೇಲೆ "ಚಳಿ ಹೋಗಲಿ," ಅಂದಳು. ಚಳಿ ಹೋಯಿತು. "ಕೆಮ್ಮು ಐತಿ, ನಿಲ್ಲಲಿ," ಅಂದಳು. ಒಂದೊಂದು ಸಲವೂ ಐಶ್ವರ್ಯ "ಆತ್ರಿ ಅತ್ತಿ," ಎಂದು ಸುಮ್ಮನಾದಳು. ಆ "ಆತ್ರಿ"ಯಲ್ಲಿ ಸಿಟ್ಟಿನ ಒಂದು ಎಳೆ ಇದ್ದಿದ್ದರೆ ಹಿಡಿದುಕೊಂಡು ಜಗ್ಗಬಹುದಿತ್ತು. ಇರಲಿಲ್ಲ. ಸಾಲ ಕೊಟ್ಟವರು ಸಾಲದ ಮಾತೆತ್ತದೆ ಮನೆಗೆ ಬಂದು ಚಹಾ ಕುಡಿದು ಹೋಗುವ ಹಾಗೆ ಇತ್ತು ಅದು. ಈಗ ಹೇಳಲು ಯಾವ ನೆವವೂ ಉಳಿದಿರಲಿಲ್ಲ. ಮೇಲೆ ಮಂಚ ಬಂದು ಕೂತಿತ್ತು.

ಮುಸ್ತಾಕ ಮೈಮೇಲಿನ ಹೊಟ್ಟು ಜಾಡಿಸಿಕೊಳ್ಳುತ್ತ ಇಳಿದುಬಂದ. "ಮುಗೀತ್ರಿ ಅವ್ವಾರ. ಗ್ವಾಡಿಗೆ ಹಿಡಿಸಿಬಿಟ್ಟೇನಿ, ನಿಮ್ಮ ಮೊಮ್ಮಗ ಕುಸ್ತಿ ಆಡಿದ್ರೂ ಅಲ್ಲಾಡೂದಿಲ್ಲ," ಎಂದು ಮೆಟ್ಟಿಲ ಬುಡದಲ್ಲಿ ಕೂತ. ಸುಶೀಲವ್ವ ಎದ್ದು ಚಹಾ ತಂದು ಕೊಟ್ಟಳು. ಅವನು ಬಸಿಗೆ ಸುರುವಿಕೊಂಡು ಊದಿ ಕುಡಿಯುತ್ತ, "ಸರಳಿನ ಸಂದಿಯೊಳಗ ಕೂಸಿನ ತಲಿ ಸಿಗಬಾರ್ದು ಅಂತ ನಿಮ್ಮ ಸೊಸಿಯಾರು ಮುಂಜಾನಿಂದ ಫೋನ್ ಮ್ಯಾಲ ಫೋನ್ ಮಾಡ್ಯಾರ್ರಿ. ಮೂಲಿ ಎಲ್ಲಾ ಉಜ್ಜಿ ನುಣ್ಣಗ ಮಾಡು ಅಂದ್ರು. ನನ್ನ ಅಂಗೈಕಿಂತ ನುಣ್ಣಗ ಆಗೈತ್ರಿ ಈಗ," ಅಂದ. ಆಮೇಲೆ ದನಿ ತಗ್ಗಿಸಿ, "ನಮ್ಮನ್ಯಾಗ ಬ್ಯಾರೆ ರೂಮ್ ಅಂತ ಒಂದಿದ್ರ ಮೊದಲ ನಾನ ಹೋಗಿ ಮಲಗ್ತಿದ್ದೆ ನೋಡ್ರಿ. ಎಲ್ಲಾ ಮಕ್ಕಳ ಕಾಲೂ ನನ್ನ ಹೊಟ್ಟಿ ಮ್ಯಾಲ ಇರ್ತಾವು," ಎಂದು ನಕ್ಕ. ಸುಶೀಲವ್ವನೂ ನಕ್ಕಳು. ಫೋನ್ ಮ್ಯಾಲ ಫೋನ್ ಮಾಡ್ಯಾರ್ರಿ. ಕೌದಿಯ ಅಂಚನ್ನು ಮಡಿಸಿದ್ದು ಅದೇ ಕೈ. ಸಂಶಯವೇ ಇಲ್ಲ. ಆದರೂ ಮನಸ್ಸು ಒಂದು ಸಂದಿಯನ್ನು ತೆರೆದಿಟ್ಟುಕೊಂಡೇ ಇತ್ತು: ತಾನೇ ಎಳೆದುಕೊಂಡಿರಬಹುದು.

ಬಡಿಗ ಹೋದದ್ದೇ ತಡ, ಬಾಜು ಮನೆಯ ಯಂಕವ್ವ ಬಂದಳು. ಬರುವಾಗಲೇ ಅವಳ ಮಾತು ಅವಳಿಗಿಂತ ಮುಂದೆ ಬರುತ್ತಿತ್ತು. "ಏನಬೇ ಸುಶೀಲವ್ವ, ಕೂಸಿಗೂ ಬ್ಯಾರೆ ಮನಿ ಮಾಡಿ ಕೊಟ್ರಂತಲ್ಲ?"

"ಮನಿ ಅಲ್ಲಬೇ, ರೂಮು."

"ನಾಳಿಗೆ ರೇಶನ್ ಕಾರ್ಡೂ ಬ್ಯಾರೆ ಮಾಡಸ್ರಿ ಹಂಗ. ಏನ ಕಾಲ ಬಂತವ್ವಾ! ನಾವು ಹಡದಾಗ ಮೊಲಿ ಬಾಯಾಗಿಟ್ಟ ಮಲಗಿದ್ರ ಬೆಳಗ ಆದದ್ದ ಗೊತ್ತಿಲ್ಲ. ಕೂಸು ಅತ್ರ ಗೊತ್ತಾಗೂದ ಹ್ಯಾಂಗ?"

"ಕ್ಯಾಮರಾ ಹಾಕ್ಯಾರಬೇ. ಫೋನಿನ್ಯಾಗ ಕಾಣತೈತಂತ."

"ಫೋನು ಬೆನ್ನ ತಟ್ಟತೈತೇನ?"

"ಆಕಿ ಓದಿದಾಕಿ. ಆಕಿಗೆ ತಿಳೀತೈತಿ ಬಿಡ," ಅಂದಳು ಸುಶೀಲವ್ವ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ಯಂಕವ್ವ ಅವಳ ಮುಖವನ್ನೇ ನೋಡಿದಳು. "ಬಾಯೇನೋ ಹಂಗನ್ನತೈತಿ. ಮಾರಿ ನೋಡಿಕೊಂಡೀ ಏನ? ನಿಮ್ಮತ್ತಿ ಕೊಟ್ರವ್ವ ಇರಬೇಕಿತ್ತು ನೋಡು ಈಗ. ಮೊಮ್ಮಗನ್ನ ಯಾರರ ಮುಟ್ಟಲಿ! ನಿನ್ನ ಲೋಹಿತನ್ನ ತನ್ನ ಮಗ್ಗಲದಾಗ ಇಟ್ಕೊಂಡ ಬೆಳಸಿದ್ಲು ಮುದುಕಿ. ನೀ ಏನ ಮಾಡಿದಿ, ಹಡದು ಕೊಟ್ಟಿ ಅಷ್ಟ."

ಯಂಕವ್ವನಿಗೆ ಅದು ಹೊಗಳಿಕೆಯೇ. ಹಾಗೆ ಅತ್ತೆ ಇರುವುದು ಪುಣ್ಯ ಎಂದೇ ಅವಳ ಎಣಿಕೆ. ಆಮೇಲೆ ಅವಳು ಸಂತೆಯಲ್ಲಿ ಬದನೆಕಾಯಿಯ ಧಾರಣೆ ಏರಿದ್ದು, ತನ್ನ ಮಗಳ ಮನೆಯಲ್ಲಿ ಸೋಲಾರ್ ಕೂಡಿಸಿದ್ದು, ಎಲ್ಲ ಹೇಳಿ ಎದ್ದುಹೋದಳು. ಸುಶೀಲವ್ವ ಎಲ್ಲದಕ್ಕೂ ಹೂಂಗುಟ್ಟಿದಳು. ಹಡೆದು ಕೊಟ್ಟೆ ಅಷ್ಟೆ. ಲೋಹಿತ ಮೊಲೆಗೂಸಾಗಿದ್ದಾಗ ಒಂದು ದಿನ ಗದ್ದೆಯಲ್ಲಿ ನಾಟಿ ನಡೆದಿತ್ತು. ಮೊಣಕಾಲು ಮಟ್ಟದ ಕೆಸರಲ್ಲಿ ಆಳುಗಳ ಜೊತೆ ಬಾಗಿದ್ದಾಗ ಎದೆ ಬಿಗಿದು ಕಲ್ಲಾಗಿ, ಕುಪ್ಪಸದ ಮುಂಭಾಗವೆಲ್ಲ ತೊಯ್ದು, ಪಕ್ಕದ ಹೆಂಗಸು ನೋಡಿ "ಯವ್ವಾ, ಹೋಗಿ ಕೂಸಿಗೆ ಕುಡಿಸಿ ಬಾ," ಅಂದಿದ್ದಳು. ಮಜ್ಜಿಗೆಯ ಗಡಿಗೆ ತರುವ ನೆವ ಹೇಳಿ ಬದುವಿನ ಮೇಲೆ ಓಡಿದ್ದಳು. ಓಡುವಾಗ ಒಂದೊಂದು ಹೆಜ್ಜೆಗೂ ಹಾಲು ಸೋರುತ್ತಿತ್ತು, ಬಿಸಿಲಿಗೆ ಅದು ಹುಳಿಯಾಗಿ ನಾರುತ್ತಿತ್ತು, ಆದರೂ ಒಳಗೊಂದು ಸಂತೋಷ: ಹೋದೊಡನೆ ಎತ್ತಿಕೊಳ್ಳುತ್ತೇನೆ. ಒಳಗೆ ಹೊರಸಿನ ಮೇಲೆ ಕೊಟ್ರವ್ವ ಒರಗಿದ್ದಳು. ಲೋಹಿತ ಅವಳ ಬತ್ತಿದ ಎದೆಯನ್ನು ಬಾಯಲ್ಲಿಟ್ಟುಕೊಂಡು ನಿದ್ದೆಹೋಗಿದ್ದ, ಬೆವೆತ ಹಣೆ, ಬಿಚ್ಚಿದ ಮುಷ್ಟಿ. ಮುದುಕಿ ಮುಚ್ಚಿಕೊಳ್ಳಲಿಲ್ಲ. ಸೊಸೆಯ ತೊಯ್ದ ಕುಪ್ಪಸವನ್ನು ಒಮ್ಮೆ ನೋಡಿ, "ಬಂದೇನ? ಎಮ್ಮಿ ಮುಂಜಾನಿಂದ ನೀರ ಕಂಡಿಲ್ಲ ನೋಡು," ಅಂದಳು. ಸುಶೀಲಾ ಎಮ್ಮೆಗೆ ನೀರು ಕುಡಿಸಿದಳು. ಹಿತ್ತಲಿನಲ್ಲಿ ದಾಸವಾಳದ ಮರೆಗೆ ಕೂತು, ನೆಲಕ್ಕೆ ಬಿದ್ದರೆ ಯಾರಾದರೂ ತುಳಿದಾರೆಂದು, ಹಾಲನ್ನೆಲ್ಲ ಗಿಡದ ಬುಡಕ್ಕೆ ಹಿಂಡಿದಳು. ಹಿಂಡುತ್ತ ಹಿಂಡುತ್ತ ಅತ್ತಳೋ ಇಲ್ಲವೋ ಈಗ ನೆನಪಿಲ್ಲ. ಆ ಮುದುಕಿ ಸಾಯಲಿ ಎಂದು ಅಂದುಕೊಂಡದ್ದು ನೆನಪಿದೆ. ಅದು ಸತ್ತದ್ದು ಲೋಹಿತ ಶಾಲೆಗೆ ಹೋಗತೊಡಗಿದ ಮೇಲೆ. ಮಣ್ಣು ಮಾಡಿ ಬಂದ ಸಂಜೆ ಮಗ ಮೊದಲ ಸಲ ತನ್ನ ಮಗ್ಗುಲಿಗೆ ಬಂದು ಮಲಗಿದ್ದ. ಅವನ ಅಂಗಿಯಲ್ಲಿ, ಕೂದಲಲ್ಲಿ ಕೊಟ್ರವ್ವನ ಎಲೆಅಡಿಕೆಯ ವಾಸನೆ. ಬೆನ್ನು ತಟ್ಟಿದರೆ, "ಆಯಿ ಹಿಂಗ ತಟ್ಟತಿರಲಿಲ್ಲ," ಎಂದು ಅಜ್ಜಿಯನ್ನು ನೆನೆದು ಗೋಡೆಯ ಕಡೆ ಹೊರಳಿದ್ದ. ಎಷ್ಟು ರೀತಿಯಲ್ಲಿ ತಟ್ಟಿ ನೋಡಿದಳು ಅವತ್ತು! ಅವನು ಯಾವುದಕ್ಕೂ ತಿರುಗಲಿಲ್ಲ. ಇವತ್ತಿಗೂ ಲೋಹಿತ ಒಳ್ಳೆಯ ಮಗ. ಔಷಧಿ ತಂದುಕೊಡುತ್ತಾನೆ, ಸಂತೆಗೆ ಕಾರಲ್ಲಿ ಕರೆದೊಯ್ಯುತ್ತಾನೆ, ಕರೆದರೆ ಓಗೊಡುತ್ತಾನೆ. ಆದರೂ ಅವನಲ್ಲಿ ಎಲ್ಲೋ ಒಂದು ಕಡೆ ಆ ಗೋಡೆಯ ಕಡೆ ಹೊರಳಿದ ಬೆನ್ನು ಹಾಗೆಯೇ ಉಳಿದಿದೆ ಎಂದು ಸುಶೀಲವ್ವನಿಗೆ ಅನ್ನಿಸುವುದುಂಟು. ಇದನ್ನೆಲ್ಲ ಬಲ್ಲವಳು ತಾನು. ಬಾಗಿಲಲ್ಲಿ ನಿಂತು ನೋಡುವುದು ಹೇಗಿರುತ್ತದೆ ಎಂದು ಈ ಮನೆಯಲ್ಲಿ ಬಲ್ಲವಳು ತಾನೊಬ್ಬಳೇ. ಬಲ್ಲವಳೇ ಹಾಗೆ ಮಾಡಿದ್ದಳು. ಕೊಟ್ರವ್ವ ಮುಚ್ಚಿಕೊಳ್ಳದೆ ಮಾಡಿದ್ದನ್ನು ತಾನು ಮುಚ್ಚಿಕೊಂಡು ಮಾಡಿದ್ದಳು, ಅಷ್ಟೇ ಫರಕು.

ಮಧ್ಯಾಹ್ನ ಕೂಸನ್ನು ಮಲಗಿಸಿಕೊಂಡಳು. ಅದು ಅವಳ ಮೊಣಕೈಯ ಮಡಿಕೆಯಲ್ಲಿ ತಲೆಯಿಟ್ಟು, ತನ್ನದೇ ಹೆಬ್ಬೆರಳು ಚೀಪುತ್ತ ನಿದ್ದೆಹೋಯಿತು. ಇನ್ನು ಕೆಲವು ದಿನಕ್ಕೆ ಈ ಹೊತ್ತೂ ಮೇಲೆಯೇ ಅಂತೆ. ಹಗಲಿಗೊಂದು ಜಾಗ, ರಾತ್ರಿಗೊಂದು ಜಾಗ ಮಾಡಿದರೆ ಕೂಸಿಗೆ ಗೊಂದಲ ಆಗುತ್ತದಂತೆ, ಹಾಗೆಂದು ಲೋಹಿತ ಫೋನಿನಲ್ಲಿ ಓದಿ ಹೇಳಿದ್ದ. ಕೂಸಿನ ಬಾಯಿಂದ ಬಿದ್ದ ಜೊಲ್ಲು ತೋಳಿನ ಮೇಲೆ ತಣ್ಣಗಾಗುತ್ತಿತ್ತು. ಒರೆಸಿಕೊಳ್ಳಬೇಕೆನಿಸಲಿಲ್ಲ. ಕೈ ಜೋಮು ಹಿಡಿಯಿತು, ಹಿಡಿಯಲಿ ಎಂದು ಬಿಟ್ಟಳು.

ಸಂಜೆ ಐಶ್ವರ್ಯ ಬಂದಳು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತಲೇ ಕೈ ಚಾಚಿದಳು. ಕೂಸು ನಗುತ್ತ ಹೋಯಿತು, ಅವಳ ಕೊರಳ ಸರ ಜಗ್ಗಿತು, ವ್ಯಾನಿಟಿ ಬ್ಯಾಗಿನ ಜಿಪ್ಪು ಎಳೆಯಿತು. ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಬಾಗಿ ಸುಶೀಲವ್ವನ ಕಡೆ ಕೈ ನೀಡಿತು. ದಿನವೂ ಹೀಗೆ ಆಗುತ್ತದೆ. ದಿನವೂ ಸುಶೀಲವ್ವ "ಹೋಗೋ, ಅವ್ವ ಈಗರ ಬಂದಾಳ," ಎಂದು ಗದರುತ್ತಾಳೆ, ದಿನವೂ ಅದು ಅವಳ ಕೈಗೇ ಬರುತ್ತದೆ. ಇವತ್ತು ಅವಳು ಎದ್ದು ಒಳಗೆ ಹೋಗಿಬಿಟ್ಟಳು. ಕೂಸನ್ನು ಗಂಡನ ಕೈಗೆ ಕೊಟ್ಟು ಐಶ್ವರ್ಯ ಹಿಂದೆಯೇ ಅಡುಗೆಮನೆಗೆ ಬಂದಳು. "ಸರೀರಿ, ರೊಟ್ಟಿ ನಾ ಬಡೀತೇನಿ," ಎಂದು ಹಿಟ್ಟಿನ ಮುಂದೆ ಕೂತಳು. ಸುಶೀಲವ್ವ ಹಂಚಿನ ಹತ್ತಿರ ಸರಿದಳು. ಒಬ್ಬಳು ಬಡಿದಳು, ಒಬ್ಬಳು ಬೇಯಿಸಿದಳು. ಈ ಕೆಲಸದಲ್ಲಿ ಅವರಿಬ್ಬರ ಕೈ ಎಂದೂ ತಪ್ಪಿದ್ದಿಲ್ಲ.

"ಮಂಚ ನೋಡಿದ್ರೇನ್ರಿ ಅತ್ತಿ?"

"ಇಲ್ಲವಾ. ನೀ ಬಂದ ಮ್ಯಾಲ ನೋಡಿದ್ರಾತು ಅಂತ." ರೊಟ್ಟಿ ಉಬ್ಬಿತು, ಅದನ್ನು ಬಟ್ಟೆಯಿಂದ ಒತ್ತಿದಳು. ಈಗ ಕೇಳದಿದ್ದರೆ ಎಂದೂ ಕೇಳಲಾರೆ ಅನ್ನಿಸಿತು. ಅವತ್ತು ತಲೆ ಸಿಡಿಯುತ್ತಿತ್ತಲ್ಲ, ಆಮೇಲೆ ಎಂದಾದರೂ ಹಾಗೆ ಬಂದಿತ್ತೇ ಎಂದು ಕೇಳುವುದೆಂದು ಮಾಡಿದ್ದಳು. ಬಾಯಿಗೆ ಬಂದದ್ದು ಬೇರೆ. "ಐಶ್ವರ್ಯ, ಅವತ್ತು ನೀ ಲಗೂನ ಬಂದಿದ್ದಿ ನೋಡು. ದೀಪಾವಳಿ ಆದ ಮ್ಯಾಲ. ಆ ಕೌದಿ..."

ಐಶ್ವರ್ಯಳ ಕೈ ಹಿಟ್ಟಿನ ಮೇಲೆ ನಿಂತಿತು. ಆಮೇಲೆ ಮತ್ತೆ ಬಡಿಯತೊಡಗಿತು, ಮೊದಲಿಗಿಂತ ಮೆಲ್ಲಗೆ. "ನಾನ ಹೊದಿಸಿದೆ," ಅಂದಳು. "ಮಾವಾರು ಬರೂ ಹೊತ್ತಾಗಿತ್ರಿ, ಅದಕ್ಕ."

ತಿಂಗಳುಗಟ್ಟಲೆ ತೆರೆದಿಟ್ಟಿದ್ದ ಆ ಸಂದಿ ಮುಚ್ಚಿಕೊಂಡಿತು. ಸುಶೀಲವ್ವನಿಗೆ ನೆಲ ಬಾಯಿಬಿಡಲಿ ಎನ್ನಿಸಬೇಕಿತ್ತು. ಅದರ ಬದಲು ಯಾರೋ ತಲೆಯ ಮೇಲಿನ ಮೂಟೆ ಇಳಿಸಿಕೊಂಡ ಹಾಗಾಯಿತು, ಆ ಹಗುರಕ್ಕೇ ನಾಚಿಕೆಯಾಯಿತು. "ತಪ್ಪಾತವಾ. ಅವತ್ತಿಂದ ನಾ ಒಂದ ದಿನಾನೂ..."

"ಗೊತ್ರಿ. ಎರಡ ದಿವಸ ಅಷ್ಟು ಅತ್ತನಲ್ಲ, ಆವಾಗ ಗೊತ್ತಾತು. ಅದಕ್ಕೂ ಕೆಟ್ಟ ಅನಸ್ತು ನನಗ." ಐಶ್ವರ್ಯ ರೊಟ್ಟಿಯನ್ನು ಎತ್ತಿ ಕೊಟ್ಟಳು. "ತಲಿನೋವು ಅಂದದ್ದು ಸುಳ್ರಿ. ಅವತ್ತು ಸುಮ್ಮಸುಮ್ಮನ ಅವನ ನೆನಪಾತು. ಎದ್ದು ಬಂದೆ. ನಿಮಗ ಹೇಳಿಲ್ಲ ನಾ, ಮೊದಮೊದಲು ಬ್ಯಾಂಕಿನ್ಯಾಗ ಹಳೇ ಫೈಲ್ ಇಡೂ ಖೋಲಿಯೊಳಗ ಬಾಗಲಾ ಹಾಕ್ಕೊಂಡು ಹಾಲ ಹಿಂಡ್ತಿದ್ದೆ. ಹೊರಗ ಗಂಡಸರು ಬಾಗಲಾ ಬಡ್ಯಾವ್ರು, ಏನ್ ಮೇಡಂ, ನಿದ್ದಿ ಮಾಡಾಕತ್ತೀರೇನು ಅಂತ. ಧೂಳಿನ ವಾಸನಿಗೆ ಕೆಮ್ಮು ಬರ್ತಿತ್ತು, ಕೆಮ್ಮಿದ್ರ ಕೇಳಿಸ್ತೈತಿ ಅಂತ ಬಾಯಾಗ ಕರ್ಚೀಪ್ ತುರುಕೊಂಡು... ಎಷ್ಟ ದಿನ ರೀ? ಬತ್ತಿಹೋತು. ಹೋಗ್ಲಿ ಅಂದ್ಕೊಂಡೆ. ಅವ ಎದಿ ಮರತಾನ ಅಂತನ ತಿಳಕೊಂಡಿದ್ದೆ. ಮರತಿರಲಿಲ್ಲ ಅಂವ. ನನ್ನ ಹತ್ರ ಕೇಳೂದನ್ನ ಅಷ್ಟ ಬಿಟ್ಟಿದ್ದ."

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ಇಬ್ಬರೂ ನೋಡಿದರು, ಇಬ್ಬರೂ ತೆಗೆಯಲಿಲ್ಲ.

"ಸಿಟ್ಟೇನಿಲ್ರಿ ನನಗ. ಸಿಟ್ಟರ ಇದ್ದಿದ್ರ ಚಲೋ ಇತ್ತು, ಜಗಳಾಡಿ ಹಗರ ಆಗ್ತಿದ್ದೆ. ಈ ಡಾಕ್ಟರು, ರೂಢಿ, ಎಲ್ಲಾ ನಿಮ್ಮ ಮಗಗ ಹೇಳಾಕ. ಖರೇ ಹೇಳ್ತೇನಿ, ತಪ್ಪ ತಿಳೀಬ್ಯಾಡ್ರಿ. ಅವ ನಿಮ್ಮ ಮಗ್ಗಲದಾಗ ಅದಾನ ಅಂದ್ರ ನನಗ ಮ್ಯಾಲ ನಿದ್ದಿ ಹತ್ತೂದಿಲ್ಲ. ನನ್ನ ಮಗ್ಗಲದಾಗ ಹಾಕ್ಕೊಂಡ್ರ ಅವ ನಿಮಗಾಗಿ ಅಳ್ತಾನ, ಅದನ್ನ ಕೇಳಾಕ ಅಂತೂ ಆಗೂದಿಲ್ಲ. ಯಾರ ಮಗ್ಗಲದಾಗೂ ಬ್ಯಾಡ್ರಿ. ಒಬ್ಬನ ಮಲಗ್ಲಿ. ಹಂಗಾದ್ರ ನಾ ತಡ್ಕೊಳ್ತೇನಿ."

ಗದ್ದೆಯ ಬದು, ಹೊರಸು, ದಾಸವಾಳದ ಬುಡ, ಎಲ್ಲ ಸುಶೀಲವ್ವನ ನಾಲಿಗೆಯ ತುದಿಗೆ ಬಂದು ನಿಂತವು. ಹೇಳಿದರೆ ಈ ಹುಡುಗಿ ತನ್ನ ಕೈ ಹಿಡಿದುಕೊಂಡು ಅತ್ತರೂ ಅತ್ತಾಳು. ಆದರೆ ಹೇಳಿದರೆ ಅದು ಏನಾದೀತು? ನಿನ್ನ ಸಂಕಟ ನನಗೆ ಗೊತ್ತಿತ್ತು, ಗೊತ್ತಿದ್ದೂ ಮಾಡಿದೆ ಎಂದಾದೀತು. ಇಲ್ಲವೆ, ನಾನು ಉಂಡದ್ದನ್ನು ನೀನೂ ಉಣ್ಣು ಎಂದಾದೀತು. ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು.

"ಇವತ್ತ ಹಾಕೂಣ ತಗೋ," ಅಂದಳು.

ಐಶ್ವರ್ಯ ಬೆಚ್ಚಿ ತಲೆಯೆತ್ತಿದಳು. "ಇವತ್ತನ? ಬಣ್ಣದ ವಾಸನಿ ಇನ್ನೂ ಐತೇನೋ ರೀ. ರವಿವಾರ ಮಾಡೂಣಲ್ಲ, ನನಗೂ ಸೂಟಿ ಇರ್ತೈತಿ."

"ರವಿವಾರ ಅಂದ್ರ ನಾ ಮತ್ತೊಂದು ನೆವ ಹುಡುಕ್ತೇನಿ. ನೀನೂ ಹುಡುಕ್ತೀ. ಇವತ್ತ."

ಊಟವಾದ ಮೇಲೆ ಸುಶೀಲವ್ವನೇ ಕೂಸನ್ನು ಟೊಂಕದ ಮೇಲೆ ಕೂಡಿಸಿಕೊಂಡು ಮೆಟ್ಟಿಲು ಹತ್ತಿದಳು. ಸಜ್ಜಾದ ಮೇಲೆ ಮೊದಲ ಸಲ ಆ ಕೋಣೆ ನೋಡಿದಳು. ಗೋಡೆಗೆ ತಿಳಿನೀಲಿ, ಕಿಟಕಿಗೆ ಜಾಳಿಗೆ, ಮೂಲೆಯಲ್ಲಿ ಸುತ್ತ ಸರಳುಗಳಿದ್ದ ಪುಟ್ಟ ಮಂಚ. ಸರಳಿನ ಮೇಲೆ ಕೈಯಾಡಿಸಿದಳು. ಮುಸ್ತಾಕ ಹೇಳಿದಂತೆ ನುಣ್ಣಗೆ ಇತ್ತು. ಕೂಸಿಗೆ ಹೊಸ ಆಟ ಸಿಕ್ಕಂತಾಗಿ ಸರಳಿನಿಂದ ಸರಳಿಗೆ ಹಾಯುತ್ತ ಕಿಲಕಿಲ ನಕ್ಕಿತು. ಐಶ್ವರ್ಯ ಅದನ್ನು ಮಲಗಿಸಿ, ತಟ್ಟಿ, ಏನೋ ಗುನುಗಿ, ಕಣ್ಣು ಮುಚ್ಚಿದ ಹಾಗೆ ಕಂಡೊಡನೆ ಸಣ್ಣ ದೀಪವೊಂದನ್ನು ಬಿಟ್ಟು ಹೊರಬಂದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ತಾನು ಮೇಲಿನ ಮೆಟ್ಟಿಲಲ್ಲಿ ಕೂತಳು. ಸುಶೀಲವ್ವ ಸ್ವಲ್ಪ ಕೆಳಗೆ, ಗೋಡೆಗೆ ಒರಗಿ ಕೂತಳು. ಪಡಸಾಲೆಯಲ್ಲಿ ಕರಬಸಪ್ಪನ ಟಿವಿ, ಪಕ್ಕದಲ್ಲಿ ಫೋನು ಹಿಡಿದ ಲೋಹಿತ.

ಅಳು ಶುರುವಾಯಿತು. ಮೊದಲು ಕರೆದ ಹಾಗೆ, ಸುಮ್ಮನೆ ಕೇಳಿ ನೋಡಿದ ಹಾಗೆ. ಯಾರೂ ಬರದಿದ್ದಾಗ ಅದರಲ್ಲಿ ಒಂದು ಆಶ್ಚರ್ಯ ಸೇರಿತು. ಆಮೇಲೆ ನಿಜವಾದ ಅಳು. "ಎದ್ದು ನಿಂತಾನ," ಎಂದು ಕೆಳಗಿನಿಂದ ಲೋಹಿತ ಹೇಳಿದ, "ಸರಳ ಹಿಡಕೊಂಡು ನಿಂತಾನ. ಏನಾಗೂದಿಲ್ಲ, ಕುಂದ್ರತಾನ ಈಗ." ಕರಬಸಪ್ಪ ಟಿವಿಯ ದನಿ ಏರಿಸಿದ. ಅಷ್ಟರಲ್ಲಿ ಅಳುವಿನೊಳಗಿನಿಂದ ಒಂದು ಮಾತು ಬಿಡಿಸಿಕೊಂಡು ಬಂತು: "ಆಯೀ... ಆಯೀ..." ಇದ್ದ ನಾಲ್ಕಾರು ಮಾತುಗಳಲ್ಲಿ ಅದಕ್ಕೆ ಅದೇ ಸಿಕ್ಕಿತ್ತು. ಸುಶೀಲವ್ವ ತಲೆಯೆತ್ತಲಿಲ್ಲ. ಐಶ್ವರ್ಯಳ ಬೆನ್ನು ಆ ಮಾತಿಗೆ ಒಂದೊಂದು ಸಲವೂ ಸಣ್ಣಗೆ ಅಲುಗುವುದು ನೋಡದೆಯೂ ಕಾಣುತ್ತಿತ್ತು. ಕೊನೆಗೆ ಆ ಬೆನ್ನು ತಿರುಗಿತು. ಬೆಳಕು ಹಿಂದಿದ್ದುದರಿಂದ ಮುಖ ಕಾಣಲಿಲ್ಲ, ದನಿಯಷ್ಟೇ. "ಅತ್ತಿ, ನೀವ ಹೋಗ್ರಿ. ನನ್ನ ಕೈಲೆ ಆಗೂದಿಲ್ಲ. ನೀವ ಹೋದ್ರ ಸುಮ್ಮನಾಗ್ತಾನ. ಎತ್ಕೊಂಡು ಕೆಳಗ ಬೇಕಾದ್ರ ಒಯ್ರಿ."

ಎದೆಯಲ್ಲಿ ಜುಮ್ಮೆಂದಿತು. ಗದ್ದೆಯ ಬದುವಿನ ಮೇಲೆ ಓಡಿದಾಗಿನ ಅದೇ ನೋವು, ಬತ್ತಿ ಒಣಗಿದ ಜಾಗದಲ್ಲಿ, ಹಾಲಿಲ್ಲದೆ. ಸುಶೀಲವ್ವನ ಒಂದು ಕೈ ಆಗಲೇ ಗೋಡೆ ಹಿಡಿದಿತ್ತು, ಒಂದು ಕಾಲು ಆಗಲೇ ಮೇಲಿನ ಮೆಟ್ಟಿಲ ಮೇಲಿತ್ತು. ಹೋಗಿ ಎತ್ತಿಕೊಂಡರೆ ಸಾಕು; ಕೂಸಿನ ಬಿಕ್ಕು ತನ್ನ ಕುತ್ತಿಗೆಯಲ್ಲಿ ಇಳಿಯುತ್ತದೆ. ಕದ್ದದ್ದಲ್ಲ, ಹೆತ್ತವಳೇ ಕೊಟ್ಟದ್ದು. ನೀವೇ ಎತ್ತಿಕೊಳ್ಳಿ ಎಂಬ ಈ ಮಾತನ್ನು ತಾನು ಕೊಟ್ರವ್ವನಿಗೆ ಎಂದಾದರೂ ಅಂದಿದ್ದೆನೇ? ಅನ್ನಲಿಲ್ಲ. ಕೊಟ್ರವ್ವನಿಗೆ ಬೇಕಾಗಿಯೂ ಇರಲಿಲ್ಲ, ಕೇಳದೆಯೇ ತೆಗೆದುಕೊಂಡಿದ್ದಳು. ಇಲ್ಲಿ ಈ ಹುಡುಗಿ ಸೋತು ತಾನಾಗಿಯೇ ಕೈಗೆ ಇಡುತ್ತಿದ್ದಾಳೆ. ಇವತ್ತು ತೆಗೆದುಕೊಂಡರೆ ಮತ್ತೆಂದೂ ತಿರುಗಿ ಕೊಡುವ ಹಾಗಿಲ್ಲ. ಸುಶೀಲವ್ವ ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದಳು, ಕೂತಳು, ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಳು.

"ಮೊಣಕಾಲ ಹಿಡದಾವ ಯವ್ವಾ. ಏಳಾಕ ಬರವಲ್ದು. ನೀ ಹೋಗು."

ಸ್ವಲ್ಪ ಹೊತ್ತಿನ ಹಿಂದೆ ಕೂಸನ್ನು ಟೊಂಕದ ಮೇಲಿಟ್ಟುಕೊಂಡು ಸರಸರ ಹತ್ತಿಬಂದವಳನ್ನು ಐಶ್ವರ್ಯ ನೋಡಿದಳು. ನೋಡುತ್ತಲೇ ಇದ್ದಳು. ಎದ್ದು ಒಳಗೆ ಹೋದಳು.

ಅವಳನ್ನು ಕಂಡು ಅಳು ನಿಲ್ಲಲಿಲ್ಲ, ಹೆಚ್ಚಾಯಿತು. ಬಂದವರು ಬೇರೆಯವರೆಂದು ತಿಳಿದ ಅಳು. ಎತ್ತಿಕೊಂಡಿರಬೇಕು, ಅದು ಹಿಂದಕ್ಕೆ ಬಾಗಿ ಬಾಗಿಲ ಕಡೆ ಕೈ ಚಾಚುತ್ತಿರಬೇಕು. ಬಾಗಿಲು ಅರ್ಧ ತೆರೆದೇ ಇತ್ತು. ಕೂಸಿನ ಕಣ್ಣಿಗೆ ಬೀಳಬಾರದೆಂದು ಸುಶೀಲವ್ವ ಗೋಡೆಗೆ ಇನ್ನಷ್ಟು ಒತ್ತಿಕೊಂಡು, ಸೆರಗು ಸುತ್ತಿಕೊಂಡು, ಸಣ್ಣಗಾಗಿ ಕೂತಳು. "ಆಯಿ ಇಲ್ಲೋ ಪುಟ್ಟಾ. ಆಯಿ ಮಲಗ್ಯಾಳ. ನಾ ಅದೇನಿ ನೋಡು, ನಾ ಅದೇನಲ್ಲ," ಎಂದು ಐಶ್ವರ್ಯ ಹೇಳುತ್ತಿದ್ದಳು, ಹೇಳುತ್ತ ತಾನೂ ಅಳುತ್ತಿದ್ದಳು. ಇಬ್ಬರ ಅಳುವೂ ಕೂಡಿ ಯಾವುದು ಯಾರದು ತಿಳಿಯದಾಯಿತು. ಬೆನ್ನು ತಟ್ಟುವ ಸದ್ದು ಕೇಳಿಸಿತು, ಜೋರಾಗಿ, ಅವಸರವಾಗಿ, ತಪ್ಪಾಗಿ. ಅಷ್ಟು ಜೋರಾಗಿ ತಟ್ಟಿದರೆ ಅವನಿಗೆ ಆಗುವುದಿಲ್ಲ, ಬೆನ್ನಿನ ಕೆಳಗೆ, ಸೊಂಟದ ಹತ್ತಿರ, ಮೆಲ್ಲಗೆ ತಟ್ಟಬೇಕು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಆ ತಟ್ಟುವಿಕೆ ತನ್ನದೇ ಒಂದು ಲಯ ಹುಡುಕಿಕೊಳ್ಳುವವರೆಗೆ, ಅಳು ಹರಿದು ಬಿಕ್ಕಾಗುವವರೆಗೆ, ಬಿಕ್ಕಿನ ನಡುವೆ ಬಿಡುವು ಬೆಳೆಯುವವರೆಗೆ ಕೂತಿದ್ದಳು. "ಆಯಿ" ಎನ್ನುವ ಮಾತು ಇನ್ನೊಮ್ಮೆ ಬಂತು, ನಿದ್ದೆಯಲ್ಲಿ ಅಂದ ಹಾಗೆ. ಮತ್ತೆ ಬರಲಿಲ್ಲ.

ಎದ್ದಳು. ಒಂದು ಕೈಯಲ್ಲಿ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ, ನಿಂತು ನಿಂತು ಇಳಿದಳು. ಟಿವಿಯಿಂದ ಕಣ್ಣು ತೆಗೆದು ಕರಬಸಪ್ಪ ನೋಡಿದ. "ಯಾಕ, ಏನಾತ?"

"ಮೊಣಕಾಲ್ರಿ. ಏರಾಕ ಇಳ್ಯಾಕ ಆಗವಲ್ದು. ಇನ್ನ ಮ್ಯಾಲ ನಾ ಹತ್ತೂದಿಲ್ಲ ಬಿಡ್ರಿ."

"ನಾಳೆ ಹಾವೇರಿ ಡಾಕ್ಟರಿಗೆ ತೋರಿಸ್ಕೊಂಡ ಬರೂಣಬೇ," ಎಂದ ಲೋಹಿತ, ಫೋನಿನಿಂದ ತಲೆಯೆತ್ತಿ. ಒಳ್ಳೆಯ ಮಗ. "ಬ್ಯಾಡಪಾ, ಡಾಕ್ಟರ ಏನ ಮಾಡ್ತಾರ," ಎಂದು ಸುಶೀಲವ್ವ ತನ್ನ ಕೋಣೆಯ ಕಡೆ ಕುಂಟುತ್ತ ನಡೆದಳು. ನಾಳೆ, ನಾಡಿದ್ದು, ಎಲ್ಲರ ಕಣ್ಣೆದುರಿಗೂ ಹೀಗೆಯೇ ಕುಂಟುತ್ತಿರಬೇಕಾಗುತ್ತದೆ ಎಂಬುದು ಹೊಸ್ತಿಲು ದಾಟಿದ ಮೇಲೆ ಅವಳಿಗೆ ಹೊಳೆಯಿತು.